ಮರಿನಾಯಿ ಗೀರಿದರೂ ಚುಚ್ಚುಮದ್ದು ಬೇಕೇ?

ಪ್ರಶ್ನೆ: ನಿನ್ನೆ ಸಂಜೆ ನಮ್ಮ ಬೀದಿಯ ಮರಿನಾಯಿಯೊಂದು ಆಟವಾಡುತ್ತ ಮಗಳ ಮುಂಗೈಯನ್ನು ಹಲ್ಲಿನಿಂದ ಗೀರಿದೆ. ರಕ್ತ ಬಂದಿಲ್ಲ. ಅತ್ತೆಯವರು ಅರಿಶಿನ ಹಚ್ಚಿದ್ದಾರೆ. ಚುಚ್ಚುಮದ್ದು ಅಗತ್ಯವೇ?
– ಓದುಗರೊಬ್ಬರು, ಬಸವನಗುಡಿ, ಬೆಂಗಳೂರು

ಉತ್ತರ: ಖಂಡಿತ ಅಗತ್ಯ, ದಯವಿಟ್ಟು ಇಂದೇ ಹಾಕಿಸಿ. ರೇಬಿಸ್ ವೈರಸ್ ಸೋಂಕಿತ ಪ್ರಾಣಿಯ ಜೊಲ್ಲಿನಲ್ಲಿದ್ದು, ಸಣ್ಣ ಗೀರಿನ ಮೂಲಕವೂ ಒಳಸೇರಿ, ನರಗಳ ಹಾದಿ ಹಿಡಿದು ಮಿದುಳಿನತ್ತ ಸಾಗುತ್ತದೆ. ಈ ಪಯಣಕ್ಕೆ ಸಾಮಾನ್ಯವಾಗಿ ವಾರಗಳು, ತಿಂಗಳುಗಳೇ ಹಿಡಿಯುವುದರಿಂದ ಕಚ್ಚಿದ ನಂತರ ಕೊಡುವ ಲಸಿಕೆಯೂ ನಮ್ಮನ್ನು ಕಾಪಾಡಬಲ್ಲದು. ನೀರು ಕಂಡರೆ ಗಂಟಲು ಬಿಗಿಯುವ ಹಂತ ತಲುಪಿದವರು ಬದುಕುವುದು ತೀರ ಅಪರೂಪ. ಮರಿಯೆಂದು ಉದಾಸೀನ ಮಾಡುವಂತಿಲ್ಲ. ಮರಿಗಳಿಗೂ ರೇಬಿಸ್ ಬರುತ್ತದೆ.

ಮೊದಲು ಅರಿಶಿನವನ್ನು ತೆಗೆದು, ಸಾಬೂನು ಹಚ್ಚಿ, ನಲ್ಲಿಯ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಿರಿ. ವೈರಸ್ಸಿನ ಮೇಲಿರುವ ಕೊಬ್ಬಿನ ಹೊದಿಕೆಯನ್ನು ಸಾಬೂನು ಒಡೆಯುತ್ತದೆ. ತೋಳಿನ ಸ್ನಾಯುವಿಗೆ ಕೊಡುವ ಲಸಿಕೆಯಾದರೆ ಇಂದಿನದನ್ನು ಸೊನ್ನೆಯ ದಿನವೆಂದು ಎಣಿಸಿ 3, 7, 14 ಮತ್ತು 28ನೆಯ ದಿನಗಳಲ್ಲಿ ತಪ್ಪದೆ ಹಾಕಿಸಬೇಕು. ರಕ್ತ ಬಂದಿದ್ದರೆ ಗಾಯದೊಳಕ್ಕೆ ಇಮ್ಯುನೊಗ್ಲಾಬ್ಯುಲಿನ್ (ವೈರಸ್ಸನ್ನು ಕೂಡಲೇ ತಡೆಯುವ ಸಿದ್ಧ ಪ್ರತಿಕಾಯಗಳ ಮದ್ದು) ಕೂಡ ಬೇಕಾಗುತ್ತಿತ್ತು.

ಮರಿಯನ್ನು ಹೊಡೆದೋಡಿಸಬೇಡಿ, 10 ದಿನ ಗಮನಿಸಿ. ಆದರೆ ಅದಕ್ಕಾಗಿ ಚುಚ್ಚುಮದ್ದನ್ನು ಮುಂದೂಡಬೇಡಿ. ಅದು ಹತ್ತಿರದ ಹಸುವನ್ನೇನಾದರೂ ಕಚ್ಚಿದ್ದರೆ ಪಶುವೈದ್ಯರಿಗೆ ತಿಳಿಸಿ, ಏಕೆಂದರೆ ದನಗಳಿಗೂ ಈ ರೋಗ ಮಾರಕವೇ.