ಸರ್ಕಾರಿ ಅಭಿಯೋಜಕರ ಸಂಬಳ ಯಾವ ಬೊಕ್ಕಸದಿಂದ?

ಮಾನ್ಯರೇ,

ಅಮೆರಿಕದ ಕೌಂಟಿಗಳು (ನಮ್ಮ ಜಿಲ್ಲೆಯಂಥ ಆಡಳಿತ ಘಟಕಗಳು) ತಮ್ಮ ಅಭಿಯೋಜಕರ, ಅಂದರೆ ಅಪರಾಧ ಮೊಕದ್ದಮೆಗಳನ್ನು ಸರ್ಕಾರದ ಪರವಾಗಿ ನಡೆಸುವ ವಕೀಲರ, ಖರ್ಚನ್ನು ತಾವೇ ಹೊರುತ್ತಿರುವಾಗ, ನಮ್ಮ ತಾಲ್ಲೂಕು ನ್ಯಾಯಾಲಯಗಳ ಸಹಾಯಕ ಸರ್ಕಾರಿ ಅಭಿಯೋಜಕರಿಗೆ ರಾಜ್ಯದ ಬೊಕ್ಕಸವೇಕೆ ಸಂಬಳ ಕೊಡಬೇಕು, ಜಿಲ್ಲಾ ಪಂಚಾಯಿತಿಯೇ ಕೊಟ್ಟರೆ ಅವರು ಬೆಂಗಳೂರಿಗಲ್ಲದೆ ಜಿಲ್ಲೆಯ ಜನರಿಗೆ ಉತ್ತರ ಹೇಳುವಂತಾಗದೇ ಎಂದು ಚಿಂತಾಮಣಿಯಿಂದ ಬರೆದು ಕೇಳಿದ್ದೀರಿ. ಸಂಬಳವನ್ನು ರಾಜ್ಯವೇ ಕೊಡಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ಆದರೆ ನಿಮ್ಮ ಪ್ರಶ್ನೆಯ ಎರಡನೆಯ ಭಾಗ ತಳ್ಳಿಹಾಕುವಂಥದ್ದಲ್ಲ.

ಅಮೆರಿಕದ ಬಹುತೇಕ ರಾಜ್ಯಗಳಲ್ಲಿ ಅಭಿಯೋಜಕರನ್ನು ಸ್ಥಳೀಯ ಮತದಾರರೇ ಚುನಾಯಿಸುತ್ತಾರೆ ಎಂಬುದು ನಿಜ. ಆದರೆ ಖರ್ಚಿನ ಏರ್ಪಾಡು ಎಲ್ಲೆಡೆ ಒಂದೇ ಬಗೆಯದಲ್ಲ. ಇಂಡಿಯಾನಾದಲ್ಲಿ ಚುನಾಯಿತ ಅಭಿಯೋಜಕರ ಸಂಬಳ ರಾಜ್ಯದ್ದು, ಅವರ ಕಚೇರಿಯ ಖರ್ಚು ಬಹುಮಟ್ಟಿಗೆ ಕೌಂಟಿಯದು. ಕಠಿಣ ಶಿಕ್ಷೆ ಕೋರುವವರು ಕೌಂಟಿಯವರು, ಸೆರೆಮನೆಯ ವೆಚ್ಚ ಭರಿಸುವುದು ರಾಜ್ಯ ಎಂಬ ಆಕ್ಷೇಪವೂ ಅಲ್ಲಿ ಬಹುಕಾಲದಿಂದ ಇದೆ.

ನಮ್ಮಲ್ಲಿ ಮನೆ ಕಂದಾಯ ವಸೂಲು ಮಾಡುವುದು ಗ್ರಾಮ ಪಂಚಾಯಿತಿ. ಜಿಲ್ಲಾ ಪಂಚಾಯಿತಿ ನಡೆಯುವುದು ಬಹುಪಾಲು ಸರ್ಕಾರದ ಅನುದಾನದಿಂದಲೇ ಆದ್ದರಿಂದ ಹೊರೆಯನ್ನು ಅದಕ್ಕೆ ವರ್ಗಾಯಿಸಿದರೂ ಹಣ ಅದೇ ಬೊಕ್ಕಸದಿಂದ ಬರಬೇಕು. ಇನ್ನು ಸ್ಥಳೀಯ ತೆರಿಗೆಯನ್ನೇ ನಂಬುವುದಾದರೆ, ಕಾರ್ಖಾನೆಗಳಿರುವ ಮಾಲೂರು, ನರಸಾಪುರಗಳ ಕಡೆ ಸಂಬಳ ಸಲೀಸಾಗಿ ಹುಟ್ಟೀತು; ಗುಡಿಬಂಡೆಯಲ್ಲಿ ಎಲ್ಲಿಂದ ಹುಟ್ಟಬೇಕು? ಗಂಡನಿಂದ ಪೆಟ್ಟು ತಿಂದು ಠಾಣೆಗೆ ಬಂದ ಹೆಣ್ಣುಮಗಳ ಪ್ರಕರಣವನ್ನು ನ್ಯಾಯಾಲಯದಲ್ಲಿ ಯಾರು, ಎಷ್ಟು ಸಿದ್ಧತೆಯಿಂದ ನಡೆಸುತ್ತಾರೆಂಬುದು ಅವಳ ತಾಲ್ಲೂಕಿನ ಕಂದಾಯದ ಮೇಲೆ ನಿಂತಿರುವುದನ್ನು ನಾನು ಒಪ್ಪಲಾರೆ.

ಸಂಬಳ ಕೊಡುವವರ ಮಾತು ನಡೆಯುತ್ತದೆಂಬ ನಿಮ್ಮ ಆತಂಕಕ್ಕೆ ಇತಿಹಾಸದ ಆಧಾರವಿದೆ. 1973ರ ದಂಡ ಪ್ರಕ್ರಿಯಾ ಸಂಹಿತೆಗೆ ಮೊದಲು ಮ್ಯಾಜಿಸ್ಟ್ರೇಟ್ ನ್ಯಾಯಾಲಯಗಳಲ್ಲಿ ಎಷ್ಟೋ ಕಡೆ ಪೊಲೀಸ್ ಅಧಿಕಾರಿಗಳೇ ಮೊಕದ್ದಮೆ ನಡೆಸುತ್ತಿದ್ದರು. ಸಹಾಯಕ ಅಭಿಯೋಜಕರು ಪೊಲೀಸ್ ಇಲಾಖೆಯ ಹಿಡಿತದಲ್ಲಿರಕೂಡದೆಂದು ಸುಪ್ರೀಂ ಕೋರ್ಟ್ 1995ರಲ್ಲಿ ಸ್ಪಷ್ಟವಾಗಿ ಹೇಳಬೇಕಾಯಿತು. ತಾಲ್ಲೂಕಿನ ಪುಢಾರಿಗಳ ಹಿಡಿತವಾದರೂ ಪೊಲೀಸರ ಹಿಡಿತಕ್ಕಿಂತ ಮೇಲೆಂದು ಹೇಳಲಾಗದು. ಜಿಲ್ಲೆಗೆ ಹತ್ತಿರವಾಗುವ ದಾರಿ ಕಾನೂನಿನಲ್ಲಿಯೇ ಇದೆ. ದಂಡ ಪ್ರಕ್ರಿಯಾ ಸಂಹಿತೆಯ ಬದಲಿಗೆ 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 20ನೆಯ ಕಲಮಿನಂತೆ ಪ್ರತಿ ಜಿಲ್ಲೆಯಲ್ಲೂ ಅಭಿಯೋಜನಾ ನಿರ್ದೇಶನಾಲಯವನ್ನು ರಾಜ್ಯವು ಸ್ಥಾಪಿಸಬಹುದು. ಏಳು ವರ್ಷ ಮತ್ತು ಅದಕ್ಕೆ ಮೇಲ್ಪಟ್ಟು ಹತ್ತು ವರ್ಷದೊಳಗಿನ ಶಿಕ್ಷೆಯ ಅಪರಾಧಗಳಲ್ಲಿ ಪೊಲೀಸ್ ವರದಿಯನ್ನು ಪರಿಶೀಲಿಸುವ ಹೊಣೆ ಅದರ ಉಪ ನಿರ್ದೇಶಕರದು.

ರಾಜ್ಯಕ್ಕೆ ಹೊರೆಯೆನಿಸುವ ಈ ಸಂಬಳವನ್ನು ಖಾಲಿ ಹುದ್ದೆಯ ಖರ್ಚಿನೊಡನೆ ಹೋಲಿಸಿ ನೋಡಬೇಕೆಂದು ಕೋರುತ್ತೇನೆ. ಒಬ್ಬ ಅಭಿಯೋಜಕರಿಗೆ ಇನ್ನೊಂದು ನ್ಯಾಯಾಲಯದ ಪ್ರಭಾರ ಬಿದ್ದಾಗ ಒಂದು ಕಡೆ ವಾಯಿದೆ ಆಗಲೇಬೇಕು. ಬಾಗೇಪಲ್ಲಿ ಕಡೆಯ ಹಳ್ಳಿಯಿಂದ ಕೂಲಿ ಬಿಟ್ಟು ಬಂದ ಸಾಕ್ಷಿದಾರ ಹೇಳಿಕೆ ಕೊಡದೆ ಹಿಂದಿರುಗುತ್ತಾನೆ, ಮರು ವಾಯಿದೆಗೆ ಬಾರದೆಯೂ ಇರುತ್ತಾನೆ; ಜಾಮೀನು ಸಿಗದ ಬಡವನೊಬ್ಬ ಅಷ್ಟೂ ದಿನ ಒಳಗೇ ಕೊಳೆಯುತ್ತಾನೆ. ಈ ಖರ್ಚು ಯಾವ ಆಯವ್ಯಯದಲ್ಲೂ ಕಾಣುವುದಿಲ್ಲ. ಹಣವಿಲ್ಲವೆಂಬ ನೆಪದಿಂದ ತ್ವರಿತ ವಿಚಾರಣೆಯ ಹಕ್ಕನ್ನು ರಾಜ್ಯ ನಿರಾಕರಿಸಲಾಗದೆಂದು 1979ರಲ್ಲೇ ಹುಸ್ನಾರಾ ಖಾತೂನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಆದ್ದರಿಂದ ನಿಮ್ಮ ಶಾಸಕರಿಗೆ ಬರೆಯುವಾಗ, ಜಿಲ್ಲೆಯಲ್ಲಿ ಮಂಜೂರಾದ ಅಭಿಯೋಜಕರ ಹುದ್ದೆಗಳೆಷ್ಟು, ಅವುಗಳಲ್ಲಿ ಪ್ರಭಾರದಲ್ಲಿ ನಡೆಯುತ್ತಿರುವವು ಎಷ್ಟು, ಜಿಲ್ಲಾ ನಿರ್ದೇಶನಾಲಯಕ್ಕೆ ಸಿಬ್ಬಂದಿ ಮತ್ತು ಹಣ ಯಾವಾಗ ಬರುತ್ತದೆ ಎಂದು ಕೇಳಿ. ಅದೇ ಪ್ರಶ್ನೆಗಳನ್ನು ಮಾಹಿತಿ ಹಕ್ಕಿನ ಅರ್ಜಿಯಲ್ಲಿ ಇಲಾಖೆಗೂ ಕಳುಹಿಸಿ. ಬಂದ ಉತ್ತರವನ್ನು ನಮಗೆ ಕಳುಹಿಸಿಕೊಟ್ಟರೆ ಪ್ರಕಟಿಸುತ್ತೇವೆ.

ಸಂಪಾದಕ