ಮೆಲ್ಲನೆಯ ಪೆಟ್ಟೂ ಕೇಳಿಸಬೇಕು

ಪ್ರಶ್ನೆ: ನಾನು ಎಂಜಿನಿಯರಿಂಗ್ ಮೂರನೇ ವರ್ಷದ ವಿದ್ಯಾರ್ಥಿ. ನಾಲ್ವರು ಗೆಳೆಯರು ಸೇರಿ ಪ್ರೋಗ್ರೆಸಿವ್ ಮೆಟಲ್ (ತಾಳದ ಲೆಕ್ಕ ತೊಡಕಾಗಿರುವ ಬಿರುಸಿನ ರಾಕ್) ನುಡಿಸುತ್ತೇವೆ. ಡ್ರೀಮ್ ಥಿಯೇಟರ್, ಟೂಲ್, ಮೆಶುಗಾ ತಂಡಗಳೆಂದರೆ ನಮಗೆ ಪ್ರಾಣ. ನನ್ನಲ್ಲಿರುವುದು ಸೆಕೆಂಡ್ ಹ್ಯಾಂಡ್ ಡ್ರಮ್ ಕಿಟ್: 10, 12, 16 ಇಂಚಿನ ಟಾಮ್‌ಗಳು, ಕೆಳಗೆ ತಂತಿಗಳಿರುವ 14 ಇಂಚಿನ ಸ್ನೇರ್, ಕಾಲಿನಿಂದ ನುಡಿಸುವ 22 ಇಂಚಿನ ಬಾಸ್ ಡ್ರಮ್. ಡ್ರಮ್‌ನ ಬಾಯಿಗೆ ಬಿಗಿಯುವ ಹಾಳೆಗಳು, ಅಂದರೆ ಹೆಡ್‌ಗಳೆಲ್ಲ ಹಳೆಯವು. ಮೆಟಲ್ ಅಂದಮೇಲೆ ಇರುವುದರಲ್ಲೇ ಅತಿ ದಪ್ಪನೆಯ ಹೆಡ್ ಹಾಕಬೇಕು ಎಂದು ಎಲ್ಲರೂ ಹೇಳುತ್ತಾರೆ. ಒಟ್ಟಿಗೆ ಎಲ್ಲವನ್ನೂ ಬದಲಿಸುವಷ್ಟು ಹಣವಿಲ್ಲ. ಏನು ಮಾಡಲಿ?
– ಓದುಗ, ಹಾಸನ

ಉತ್ತರ: ಅತಿ ದಪ್ಪನೆಯದು ಬೇಡ. ನಿಮ್ಮ ವಯಸ್ಸಿನಲ್ಲಿ ನಾನು ಅದೇ ಮಾತು ಕೇಳಿ, ಎರಡು ಪದರಗಳ ನಡುವೆ ಎಣ್ಣೆಯ ತೆಳು ಪೊರೆ ಇರುವ ಹೆಡ್‌ಗಳನ್ನು ಎಲ್ಲ ಟಾಮ್‌ಗಳಿಗೂ ಸ್ನೇರ್‌ಗೂ ಹಾಕಿಸಿದ್ದೆ. ಕಿಟ್‌ನ ಹಿಂದೆ ಕುಳಿತಾಗ ಪೆಟ್ಟು ಗಟ್ಟಿಯಾಗಿ, ತುಂಬಿದಂತೆ ಕೇಳಿಸುತ್ತಿತ್ತು. ಒಂದು ಸಂಜೆ ಅಭ್ಯಾಸವನ್ನು ರೆಕಾರ್ಡ್ ಮಾಡಿಕೊಂಡು ಕೇಳಿದೆವು. ಏಳು ಮಾತ್ರೆಯ ಒಂದು ಭಾಗ ಬಂದಾಗ ನಮ್ಮ ಗಿಟಾರ್ ವಾದಕ ನನ್ನತ್ತ ತಿರುಗಿ, ‘ನಡುವಿನದ್ದನ್ನೆಲ್ಲ ಯಾಕೆ ಬಿಟ್ಟೆ?’ ಎಂದು ಕೇಳಿದ. ನಾನು ಒಂದನ್ನೂ ಬಿಟ್ಟಿರಲಿಲ್ಲ. ಎಡಗೈಯ ಸಣ್ಣ ಪೆಟ್ಟುಗಳನ್ನು ಆ ಹೆಡ್ ನುಂಗಿಬಿಟ್ಟಿತ್ತು.

ಏಳನ್ನು ‘ತಕಿಟ ತಕಧಿಮಿ’ ಎಂದು ಬಾಯಲ್ಲಿ ಹೇಳಿನೋಡಿ. ಎರಡು ‘ತ’ಗಳ ಮೇಲೆ ಒತ್ತು ಬೀಳುತ್ತದೆ, ಸರಿ. ಆದರೆ ಏಳನ್ನು ಏಳಾಗಿ ಕಟ್ಟಿಕೊಡುವುದು ಒತ್ತಿಲ್ಲದ ‘ಕಿಟ’ ಮತ್ತು ‘ಕಧಿಮಿ’. ಅವು ಕೇಳಿಸದೆ ಹೋದರೆ ಕೇಳುಗನಿಗೆ ಸಿಗುವುದು ಅಂತರ ತಪ್ಪಿದ ಎರಡು ಗುದ್ದು ಮಾತ್ರ. ಪ್ರೋಗ್ರೆಸಿವ್ ಮೆಟಲ್‌ನ ಜೀವ ಇರುವುದೇ ಈ ಒತ್ತಿಲ್ಲದ ಅಕ್ಷರಗಳಲ್ಲಿ. ಆದ್ದರಿಂದ ಹೆಡ್ ಆರಿಸುವಾಗ ‘ಎಷ್ಟು ಜೋರಾಗಿ ಹೊಡೆದರೆ ತಾಳುತ್ತದೆ’ ಎನ್ನುವುದಕ್ಕಿಂತ ಮೊದಲು ‘ಎಷ್ಟು ಮೆಲ್ಲಗೆ ತಟ್ಟಿದರೆ ಮಾತಾಡುತ್ತದೆ’ ಎಂದು ಕೇಳಿಕೊಳ್ಳಿ.

ಹೆಡ್‌ನ ದಪ್ಪವನ್ನು ಮಿಲ್‌ನಲ್ಲಿ ಅಳೆಯುತ್ತಾರೆ. ಒಂದು ಮಿಲ್ ಎಂದರೆ ಇಂಚಿನ ಸಾವಿರದಲ್ಲಿ ಒಂದು ಭಾಗ. 10 ಮಿಲ್‌ನ ಒಂಟಿ ಪದರದ ಹೆಡ್, ಅಂದರೆ ಸುಮಾರು ಕಾಲು ಮಿಲಿಮೀಟರ್, ಎಲ್ಲಕ್ಕೂ ಅಳತೆಗೋಲು ಇದ್ದಂತೆ. ರೆಮೊ ಕಂಪನಿಯ ಅಂಬಾಸಡರ್, ಇವಾನ್ಸ್‌ನ ಜಿ1 ಈ ಬಗೆಯವು. ಬೆರಳಿನಿಂದ ಮುಟ್ಟಿದರೂ ದನಿ ಕೊಡುತ್ತವೆ, ನಾದ ಉದ್ದವಾಗಿ ಉಳಿಯುತ್ತದೆ, ಆದರೆ ಬಿರುಸಿನ ಕೈಗೆ ಬೇಗ ಹೊಂಡ ಬೀಳುತ್ತವೆ. ತಲಾ 7 ಮಿಲ್‌ನ ಎರಡು ಪದರಗಳಿರುವ ರೆಮೊ ಎಂಪರರ್, ಇವಾನ್ಸ್ ಜಿ2 ಬಗೆಯವುಗಳಲ್ಲಿ ನಾದ ಸ್ವಲ್ಪ ಮೊಟಕು, ಪೆಟ್ಟು ಸ್ವಲ್ಪ ತುಂಬು, ಬಾಳಿಕೆ ಹೆಚ್ಚು. ನಿಮ್ಮ ಟಾಮ್‌ಗಳ ಮೇಲ್ಭಾಗಕ್ಕೆ ಈ ಎರಡು ಪದರದ್ದೇ ಸಾಕು, ಅದೂ ಪಾರದರ್ಶಕ ಬಗೆಯದು. ಬಿಳಿ ಲೇಪನದ್ದು ಕೋಲಿನ ಮೊನೆಯ ಸದ್ದನ್ನು ತುಸು ಮೆತ್ತಗಾಗಿಸುತ್ತದೆ. ಎರಡು ಗಿಟಾರ್‌ಗಳ ಮೊರೆತವನ್ನು ಸೀಳಿಕೊಂಡು ಬರಬೇಕಾದ ಟಾಮ್‌ಗೆ ಆ ಮೊನೆ ಬೇಕೇಬೇಕು.

16 ಇಂಚಿನದ್ದಕ್ಕೆ ಮಾತ್ರ ನಾನು ಬೇರೆ ಮಾತು ಹೇಳುತ್ತೇನೆ. ಅದರ ಗುಂಗು ಮುಂದಿನ ಪೆಟ್ಟಿನ ಮೇಲೂ ಚಾಚಿಕೊಳ್ಳುತ್ತದೆ. ಅಂಚಿನಲ್ಲಿ ನಾದ ತಗ್ಗಿಸುವ ವ್ಯವಸ್ಥೆ ಇರುವ ರೆಮೊ ಪಿನ್‌ಸ್ಟ್ರೈಪ್ ಅಥವಾ ಇವಾನ್ಸ್ ಇಸಿ2 ಅಲ್ಲಿ ಚೆನ್ನಾಗಿ ಕೂರುತ್ತದೆ. ಅದನ್ನೇ 10 ಇಂಚಿನದ್ದಕ್ಕೂ ಹಾಕಿದರೆ ಪಾಪ, ಆ ಪುಟ್ಟ ಡ್ರಮ್ ಉಸಿರು ಬಿಡುವಷ್ಟರಲ್ಲಿ ಬಾಯಿ ಮುಚ್ಚಿಸಿದಂತೆ.

ಸ್ನೇರ್‌ಗೆ ಲೇಪನವಿರುವ 10 ಮಿಲ್‌ನ ಒಂಟಿ ಪದರ ಹಾಕಿ, ನಡುವೆ ಒಳಗಡೆಯಿಂದ ಬಿಲ್ಲೆ ಅಂಟಿಸಿರುವಂಥದ್ದು. ಕೋಲು ಬೀಳುವ ಜಾಗಕ್ಕೆ ಬಲ ಸಿಗುತ್ತದೆ, ಅಂಚು ತೆಳುವಾಗಿಯೇ ಉಳಿಯುವುದರಿಂದ ಆ ಮೆಲ್ಲನೆಯ ಸಣ್ಣ ಪೆಟ್ಟುಗಳು, ಅಂದರೆ ಗೋಸ್ಟ್ ನೋಟ್‌ಗಳು ಬದುಕಿಕೊಳ್ಳುತ್ತವೆ. ತಲಾ 10 ಮಿಲ್‌ನ ಎರಡು ಪದರ, ಅದರ ಜೊತೆಗೆ ಬಿಲ್ಲೆಯನ್ನೂ ಸೇರಿಸಿದ ಎಂಪರರ್ ಎಕ್ಸ್‌ನಂಥವೂ ಇವೆ. ಪ್ರತಿ ಪೆಟ್ಟನ್ನೂ ಒಂದೇ ಬಲದಲ್ಲಿ ಹೊಡೆಯುವವರಿಗೆ ಅದು ಸರಿ. ಟೂಲ್ ತಂಡದ ಡ್ರಮ್ ವಾದಕ ಡ್ಯಾನಿ ಕೇರಿಯನ್ನು ಮೆಚ್ಚಿಕೊಂಡು ಕುಳಿತವರಿಗಲ್ಲ. ಸ್ನೇರ್‌ನ ಕೆಳಭಾಗಕ್ಕೆ ಬರುವುದು ಬರೀ 3 ಮಿಲ್‌ನ ಹಾಳೆ. ಅಲ್ಲಿ ಟಾಮ್‌ನ ಹೆಡ್ ಹಾಕಿದರೆ ಕೆಳಗಿನ ತಂತಿಗಳು ಮೆಲ್ಲನೆಯ ಪೆಟ್ಟಿಗೆ ಅಲುಗುವುದೇ ಇಲ್ಲ.

ಬಾಸ್ ಡ್ರಮ್‌ನ ಲೆಕ್ಕವೇ ಬೇರೆ. ನಿಮಿಷಕ್ಕೆ 180 ಬೀಟ್‌ನ ವೇಗದಲ್ಲಿ ಬೀಟ್‌ಗೆ ನಾಲ್ಕರಂತೆ ಡಬಲ್ ಪೆಡಲ್ ತುಳಿದರೆ ಸೆಕೆಂಡಿಗೆ 12 ಪೆಟ್ಟು ಬೀಳುತ್ತವೆ. ಒಂದರ ಗುಂಗು ಇಳಿಯುವ ಮೊದಲೇ ಇನ್ನೊಂದು ಬಂದರೆ ಎಲ್ಲವೂ ಕಲಸಿಹೋಗುತ್ತದೆ. ಹಾಗಾಗಿ ಇಲ್ಲಂತೂ ನಾದವನ್ನು ಹೆಡ್‌ನಲ್ಲೇ ತಗ್ಗಿಸಿರಬೇಕು. ಅಂಚಿನ ಒಳಗೆ ಹೆಚ್ಚುವರಿ ಪಟ್ಟಿ ಇರುವ ರೆಮೊ ಪವರ್‌ಸ್ಟ್ರೋಕ್ 3, ಹೊರಗಡೆ ಸ್ಪಂಜಿನ ಉಂಗುರ ಕೂರಿಸುವ ಇವಾನ್ಸ್ ಇಮ್ಯಾಡ್, ಎರಡು ಪದರದ ಅಕ್ವೇರಿಯನ್ ಸೂಪರ್‌ಕಿಕ್ 2, ಈ ಮೂರರಲ್ಲಿ ಯಾವುದಾದರೂ ಆದೀತು. ಸಿಕ್ಕಿದರೆ ಇಮ್ಯಾಡ್ ತೆಗೆದುಕೊಳ್ಳಿ ಎನ್ನುತ್ತೇನೆ, ಏಕೆಂದರೆ ಹೆಡ್ ಬಿಚ್ಚದೆಯೇ ಉಂಗುರ ಬದಲಿಸಿ ನೋಡಬಹುದು. ಪೆಡಲ್ ತುಳಿದಾಗ ಬಡಿಯುವ ಬೀಟರ್‌ಗಳು ತಾಗುವ ಎರಡು ಜಾಗಗಳಿಗೆ ತೇಪೆ ಅಂಟಿಸುವುದನ್ನು ಮರೆಯಬೇಡಿ. ಮುಂದಿನ ಹೆಡ್‌ನಲ್ಲಿ ನಾಲ್ಕೈದು ಇಂಚಿನ ತೂತು ಇದ್ದರೆ ಮೈಕ್ ಇಡಲೂ ಅನುಕೂಲ. ದಯವಿಟ್ಟು ಒಳಗೆ ದಿಂಬು ತುರುಕಬೇಡಿ. ಒಂದು ಟವೆಲ್ ಮಡಿಸಿ ಹೆಡ್‌ಗೆ ತಾಗಿಯೂ ತಾಗದಂತೆ ಇಟ್ಟರೆ ಸಾಕು.

ಹಣ ಕಡಿಮೆ ಇದ್ದರೆ ಮೊದಲು ಸ್ನೇರ್‌ನ ಮೇಲಿನದ್ದು, ಬಾಸ್ ಡ್ರಮ್‌ನ ಪೆಡಲ್ ಕಡೆಯದ್ದು. ಆಮೇಲೆ ಟಾಮ್‌ಗಳ ಮೇಲಿನವು, ಕೊನೆಗೆ ಕೆಳಗಿನವು. ಟಾಮ್‌ಗಳ ಕೆಳಭಾಗಕ್ಕೆ 10 ಮಿಲ್‌ನ ಒಂಟಿ ಪದರ ಸಾಕು. ಕೆಳಗಿನದ್ದಕ್ಕೆ ಪೆಟ್ಟು ಬೀಳುವುದಿಲ್ಲ ಎಂದು ಹತ್ತು ವರ್ಷ ಹಾಗೆಯೇ ಬಿಡುವವರಿದ್ದಾರೆ. ಎಳೆದು ಕಟ್ಟಿದ ಪ್ಲಾಸ್ಟಿಕ್ ಸುಮ್ಮನಿದ್ದರೂ ಸೊರಗುತ್ತದೆ.

ಹೆಡ್ ಹಾಕುವ ದಿನ ಆತುರ ಬೇಡ. ಹಳೆಯದನ್ನು ಬಿಚ್ಚಿದ ಮೇಲೆ ಡ್ರಮ್‌ನ ಮರದ ಅಂಚನ್ನು ಒಣಬಟ್ಟೆಯಿಂದ ಒರೆಸಿ, ಕಣ್ಣು ಮುಚ್ಚಿ, ತೋರುಬೆರಳನ್ನು ಅಂಚಿನ ಮೇಲೆ ಒಂದು ಸುತ್ತು ನಿಧಾನವಾಗಿ ಓಡಿಸಿ. ಕಣ್ಣಿಗೆ ಕಾಣದ ತಗ್ಗು ಬೆರಳಿಗೆ ಸಿಗುತ್ತದೆ. ಸೆಕೆಂಡ್ ಹ್ಯಾಂಡ್ ಕಿಟ್‌ನಲ್ಲಿ ಇದು ಬಹಳ ಮುಖ್ಯ. ಅಂಚು ಚಕ್ಕೆ ಎದ್ದಿದ್ದರೆ ಎಂಥ ಹೆಡ್ ತಂದರೂ ಶ್ರುತಿ ನಿಲ್ಲುವುದಿಲ್ಲ. ಆಮೇಲೆ ಹೆಡ್ ಕೂರಿಸಿ ಎಲ್ಲ ಸ್ಕ್ರೂಗಳನ್ನೂ ಬೆರಳಿನಲ್ಲೇ ಬಿಗಿ ಮಾಡಿ. ಕೀಲಿ ಹಿಡಿದ ಮೇಲೆ ಒಂದಕ್ಕೆ ಅರ್ಧ ಸುತ್ತು, ತಕ್ಷಣ ಅದರ ಎದುರಿನದ್ದಕ್ಕೆ ಅರ್ಧ ಸುತ್ತು. ಪಕ್ಕಪಕ್ಕದ್ದನ್ನು ತಿರುಗಿಸುತ್ತ ಹೋದರೆ ಹೆಡ್ ಓರೆಯಾಗಿ ಕೂರುತ್ತದೆ. ಸುಕ್ಕು ಹೋದ ಮೇಲೆ ಅಂಗೈಯನ್ನು ನಡುವೆ ಇಟ್ಟು ಒಮ್ಮೆ ಗಟ್ಟಿಯಾಗಿ ಒತ್ತಿ. ಪರಪರ ಎಂಬ ಸದ್ದು ಬಂದರೆ ಹೆದರಬೇಡಿ, ಅಂಟು ಸಡಿಲಗೊಂಡು ಹೆಡ್ ತನ್ನ ಜಾಗ ಹಿಡಿಯುತ್ತಿದೆ. ಕೊನೆಗೆ ಪ್ರತಿ ಸ್ಕ್ರೂವಿನಿಂದ ಒಂದಿಂಚು ಒಳಗೆ ಕೋಲಿನ ತುದಿಯಿಂದ ಮೆಲ್ಲಗೆ ತಟ್ಟುತ್ತ ಎಲ್ಲ ಕಡೆಯೂ ಒಂದೇ ಸ್ವರ ಬರುವವರೆಗೆ ಸರಿಮಾಡಿ. ಮೃದಂಗದವರು ಮುಚ್ಚಿಗೆಯ ಅಂಚಿನ ಸುತ್ತ ತಟ್ಟಿ ಶ್ರುತಿ ಕೂಡಿಸುವುದನ್ನು ನೋಡಿದ್ದೀರಲ್ಲ, ಕಿವಿಯ ಕೆಲಸ ಅದೇ. ಕೆಳಗಿನ ಹೆಡ್ ಮೇಲಿನದ್ದಕ್ಕಿಂತ ಒಂದು ಕೂದಲೆಳೆ ಎತ್ತರದ ಶ್ರುತಿಯಲ್ಲಿರಲಿ. ಮೊದಲ ಸಲ ಒಂದು ಟಾಮ್‌ಗೆ ಒಂದು ಗಂಟೆ ಹಿಡಿದರೂ ಅದು ವ್ಯರ್ಥವಲ್ಲ.

ಪ್ರಶ್ನೆ: ಮೆಶುಗಾ ತಂಡದ ಆಲ್ಬಮ್‌ಗಳಲ್ಲಿ ಬಾಸ್ ಡ್ರಮ್‌ನ ಪ್ರತಿ ಪೆಟ್ಟೂ ಅಚ್ಚು ಹಾಕಿದಂತೆ ಒಂದೇ ರೀತಿ ಕೇಳುತ್ತದೆ. ಮೂರು ಬಗೆಯ ಹೆಡ್ ಬದಲಿಸಿದರೂ ನನಗೆ ಆ ಸದ್ದು ಸಿಗುತ್ತಿಲ್ಲ. ನನ್ನ ಕಾಲಿನ ದೋಷವೇ?
– ಓದುಗರು, ಮೈಸೂರು

ಉತ್ತರ: ನಿಮ್ಮ ಕಾಲಿನದ್ದೂ ಅಲ್ಲ, ಹೆಡ್‌ನದ್ದೂ ಅಲ್ಲ. ಆ ತಂಡ 2005ರಲ್ಲಿ ತಂದ ‘ಕ್ಯಾಚ್ ಥರ್ಟಿಥ್ರೀ’ಯ ಡ್ರಮ್‌ಗಳನ್ನು ಕಂಪ್ಯೂಟರಿನಲ್ಲಿ ಜೋಡಿಸಲಾಗಿದೆ. ಬೇರೆ ಅನೇಕ ಮೆಟಲ್ ಆಲ್ಬಮ್‌ಗಳಲ್ಲೂ ನಿಜವಾದ ಪೆಟ್ಟಿನ ಜೊತೆಗೆ, ಮೊದಲೇ ಮುದ್ರಿಸಿಟ್ಟ ಪೆಟ್ಟೊಂದನ್ನು ಸೇರಿಸುವುದು ಸ್ಟುಡಿಯೊಗಳ ವಾಡಿಕೆ. ಅದನ್ನು ಬರೀ ಹೆಡ್‌ನಿಂದ ತರಲು ಹೊರಟರೆ ಹಣ ಹೋಗುತ್ತದೆ, ನೆಮ್ಮದಿಯೂ ಹೋಗುತ್ತದೆ. ನೀವು ಮೆಚ್ಚುವ ತಂಡಗಳ ನೇರ ಕಾರ್ಯಕ್ರಮಗಳ ಧ್ವನಿಮುದ್ರಣ ಕೇಳಿ. ಅಲ್ಲಿ ಪೆಟ್ಟಿನಿಂದ ಪೆಟ್ಟಿಗೆ ಕೂದಲೆಳೆಯ ವ್ಯತ್ಯಾಸ ಕೇಳಿಸುತ್ತದೆ, ಅದು ಮನುಷ್ಯರು ನುಡಿಸಿದ್ದರ ಗುರುತು. ಸಾಧಿಸಬೇಕಾದ ಸದ್ದು ಅದು. ಈಗಿರುವ ಹೆಡ್ ಹಾಗೆಯೇ ಇರಲಿ. ಬಟ್ಟೆಯ ಬೀಟರ್ ಇದ್ದರೆ ಪ್ಲಾಸ್ಟಿಕ್ ಅಥವಾ ಮರದ ಬೀಟರ್ ಹಾಕಿ ನೋಡಿ. ಪೆಟ್ಟಿನ ಮೊನೆ ಆಗಲೇ ಬೇರೆಯಾಗುತ್ತದೆ.

ಪ್ರಶ್ನೆ: ನಮ್ಮಲ್ಲಿ ಮಳೆಗಾಲದಲ್ಲಿ ಚೆಂಡೆಯ ಚರ್ಮ ಸಡಿಲವಾಗುತ್ತದೆ. ಡ್ರಮ್ ಹೆಡ್‌ಗೂ ಹಾಗಾಗುತ್ತದೆಯೇ?
– ಓದುಗರು, ಉಡುಪಿ

ಉತ್ತರ: ಹೆಡ್‌ಗೆ ಆಗುವುದಿಲ್ಲ. ಡ್ರಮ್ ಕಿಟ್‌ಗೂ ಮೊದಲು ಕರುವಿನ ಚರ್ಮವನ್ನೇ ಹಾಕುತ್ತಿದ್ದರು, ನಿಮ್ಮ ಚೆಂಡೆಯ ಪಾಡೇ ಅದರದ್ದೂ ಆಗಿತ್ತು. 1950ರ ದಶಕದಲ್ಲಿ ಅಮೆರಿಕದ ಚಿಕ್ ಇವಾನ್ಸ್, ರೆಮೊ ಬೆಲ್ಲಿ ಮುಂತಾದವರು ಪಾಲಿಯೆಸ್ಟರ್ ಹಾಳೆಯ ಹೆಡ್‌ಗಳನ್ನು ಮಾರುಕಟ್ಟೆಗೆ ತಂದ ಮೇಲೆ ಆ ತೊಂದರೆ ತಪ್ಪಿತು. ಕರಾವಳಿಯ ತೇವ ಕಾಡುವುದು ಸ್ಕ್ರೂಗಳನ್ನು. ತುಕ್ಕು ಹಿಡಿದ ಸ್ಕ್ರೂ ತಿರುಗುವಾಗ ಬಿಗಿಯಾಯಿತು ಎಂಬ ಭ್ರಮೆ ಹುಟ್ಟಿಸುತ್ತದೆ, ಹೆಡ್ ಮಾತ್ರ ಸಡಿಲವಾಗಿಯೇ ಇರುತ್ತದೆ. ಮೇ ತಿಂಗಳಲ್ಲೇ ಒಂದೊಂದನ್ನೂ ಬಿಚ್ಚಿ ಒರೆಸಿ, ಸ್ಕ್ರೂವಿನ ಸುರುಳಿ ಗೆರೆಗಳಿಗೆ ಗ್ರೀಸ್‌ನ ಒಂದು ಚುಕ್ಕೆ ಸವರಿ ಮತ್ತೆ ಹಾಕಿಡಿ.