ಆ ಹಳದಿ ದುಂಬಿ ಕಚ್ಚುವುದಿಲ್ಲ

ಕೇಪ್‌ಟೌನ್ ಮನೆಯ ಮರದ ಚಪ್ಪರಕ್ಕೆ ಕಪ್ಪು ದುಂಬಿ ತೂತು ಹಾಕುತ್ತಿದೆ, ಇನ್ನೊಂದು ಹಳದಿ ದುಂಬಿ ಮುಖದ ಎದುರಿಗೇ ಬಂದು ನಿಲ್ಲುತ್ತದೆ, ಎರಡರಲ್ಲಿ ಯಾವುದನ್ನು ಓಡಿಸಲಿ ಎಂದು ಕೇಳಿದ್ದೀರಿ. ಎರಡೂ ಒಂದೇ ಜಾತಿ ಕಣ್ರೀ!

ನಾನು ಅಲ್ಲಿದ್ದಾಗ ಆ ಹಳದಿಯದಕ್ಕೆ ಹೆದರಿ ಕಾಫಿ ಲೋಟ ಬಿಟ್ಟು ಒಳಗೆ ಓಡಿದ್ದೆ. ಅದು ಗಂಡು. ಮೈಯೆಲ್ಲ ಹಸಿರು ಮಿಶ್ರಿತ ಹಳದಿ ರೋಮ, ಆದರೆ ಕೊಂಡಿಯೇ ಇಲ್ಲ. ಸುಮ್ನೆ ತನ್ನ ಜಾಗ ಕಾಯುತ್ತದೆ, ಅಷ್ಟೆ. ಕಪ್ಪು ಮೈಗೆ ಎರಡು ಹಳದಿ ಅಥವಾ ಬಿಳಿ ಪಟ್ಟೆ ಇರುವುದು ಹೆಣ್ಣು. ಅದಕ್ಕೆ ಕೊಂಡಿ ಇದೆ, ಆದರೆ ಕೈಯಲ್ಲಿ ಹಿಡಿಯದಿದ್ದರೆ ನಿಮ್ಮ ತಂಟೆಗೆ ಬರುವುದಿಲ್ಲ.

ಹೆಸರು ಕ್ಸೈಲೋಕೋಪ ಕ್ಯಾಫ್ರಾ. ಅದರ ಎರಡನೇ ಪದ 1767ರಲ್ಲಿ ಸ್ವೀಡನ್ನಿನ ಜೀವವಿಜ್ಞಾನಿ ಲಿನೇಯಸ್ ಇಟ್ಟದ್ದು. ಆ ಪದವನ್ನು ಅಲ್ಲಿ ಯಾರ ಮುಂದೆಯೂ ಜೋರಾಗಿ ಹೇಳಬೇಡಿ, ಅದರ ಮೂಲದಲ್ಲಿರುವುದು ಕರಿಯರನ್ನು ಹೀಗಳೆಯುವ ಬೈಗುಳ. ಗಿಡಗಳ ಹೆಸರಿನಿಂದ ಅದನ್ನು ತೆಗೆಯಲು 2024ರಲ್ಲಿ ಸಸ್ಯವಿಜ್ಞಾನಿಗಳು ಮತ ಹಾಕಿದರು. ದುಂಬಿಗೆ ಆ ನಿಯಮ ತಾಗುವುದಿಲ್ಲ.

ನಮ್ಮೂರಲ್ಲಿ ಬಿದಿರು, ಜಂತಿ ಕೊರೆಯುವ ಕರಿ ದುಂಬಿಯ ಬಳಗವೇ ಇದು. ಮರ ತಿನ್ನುವುದಿಲ್ಲ. ಸುರಂಗ ಕೊರೆದು, ಪರಾಗ ಮತ್ತು ಮಕರಂದ ಕಲಸಿದ ಉಂಡೆ ಇಟ್ಟು, ಅದರ ಮೇಲೊಂದು ಮೊಟ್ಟೆ, ಆಮೇಲೆ ಮರದ ಪುಡಿಯ ಅಡ್ಡಗೋಡೆ. ಹೀಗೆ ಸಾಲಾಗಿ ಕೋಣೆಗಳು. ತಮಾಷೆ ಅಂದ್ರೆ ಹೆಣ್ಣಿನ ಹೊಟ್ಟೆಯ ಮುಂಭಾಗದಲ್ಲಿ ಒಂದು ಪುಟ್ಟ ಜೇಬಿದೆ, ಅದರಲ್ಲಿ ನುಸಿಗಳು ಬಾಡಿಗೆ ಕೊಡದೆ ವಾಸ!

ಅದನ್ನು ಓಡಿಸಬೇಡಿ ಎನ್ನಲು ನನಗಿರುವ ಕಾರಣ ಆರ್ಫಿಯಂ ಎಂಬ ಗುಲಾಬಿ ಬಣ್ಣದ ಹೂ. ಬೇಸಿಗೆಯಲ್ಲಿ ಕೇಪ್ ಕರಾವಳಿಯಲ್ಲಿ ಅರಳುತ್ತದೆ. ಅದರ ಪರಾಗ ತಿರುಚಿದ ಕೇಸರದೊಳಗೆ ಬಂದ್. ಜೇನುನೊಣ ಸುತ್ತಿ ಸುತ್ತಿ ಬರಿಗೈಯಲ್ಲಿ ಹೋಗುತ್ತದೆ. ಈ ದುಂಬಿ ಮಾತ್ರ ಕೇಸರವನ್ನು ಅಪ್ಪಿ ಹಿಡಿದು ರೆಕ್ಕೆಯ ಸ್ನಾಯು ನಡುಗಿಸುತ್ತದೆ. ಹಾರುವಾಗಿನ ಗುಂಯ್ ಬೇರೆ, ಇದು ಬೇರೆ, ಕಿವಿಗೆ ಗೊತ್ತಾಗುತ್ತದೆ. ತುದಿಯ ರಂಧ್ರದಿಂದ ಪರಾಗ ಚಿಮ್ಮುತ್ತದೆ. ನಮ್ಮ ಟೊಮೆಟೊ, ಬದನೆ ಹೂವಿಗೂ ಇದೇ ಉಪಾಯ ನಡೆಯುತ್ತದೆ.

ಚಪ್ಪರದ ಚಿಂತೆ ಇದ್ದರೆ ಮರಿಗಳು ಹೊರಬಂದ ಮೇಲೆ ತೂತು ಮುಚ್ಚಿ ಪೇಂಟ್ ಹೊಡೆಸಿ. ಬಣ್ಣ ಹಚ್ಚಿದ ಮರವನ್ನು ಅವು ಅಷ್ಟಾಗಿ ಮುಟ್ಟುವುದಿಲ್ಲ. ಬದಲಿಗೆ ಆಲೋ (ನಮ್ಮ ಲೋಳೆಸರದ ಬಳಗ) ಗಿಡದ ಒಣಗಿದ ಹೂದಂಟು ಸಿಕ್ಕರೆ ತೋಟದ ಮೂಲೆಯಲ್ಲಿ ನಿಲ್ಲಿಸಿ. ನಾನು ಹಾಗೆ ಮಾಡಿದ್ದೆ. ಎರಡು ವಾರದಲ್ಲಿ ಬುಡದಲ್ಲಿ ಪುಡಿ ಬಿದ್ದಿತ್ತು.